ಹಳೇ ಬ್ಯಾಟರಿ ಲೋಡರ್ ತಗೋಳೋ ಮುಂಚೆ ಸೀಟ್ ಎತ್ತಿ ನೋಡ್ರಿ

ಹಳೇ ಬ್ಯಾಟರಿ ಲೋಡರ್, ಅಂದ್ರೆ ಬ್ಯಾಟರಿ ಮೇಲೆ ಓಡೋ ಮಾಲು ಗಾಡಿ, ಅಂದ್ರೆ ಸಾಕು, ಅಯ್ಯೋ ಅದು ಓಡಲ್ಲ ಮಾರಾಯ್ರೇ ಅಂತ ಮೂಗು ಮುರಿಯೋರೇ ಜಾಸ್ತಿ. ಆದ್ರೆ ದಾವಣಗೆರೆಯಂಥ ಸಮತಟ್ಟಾದ ಊರೊಳಗೆ ಅಂಗಡಿ ಅಂಗಡಿಗೆ ಮಾಲು ಹಾಕೋರಿಗೆ ಇದರಷ್ಟು ಒಗ್ಗೋ ಗಾಡಿ ಇನ್ನೊಂದಿಲ್ಲ, ನಂಗೆ ಇವುಗಳ ಮೇಲೆ ಭಾಳ ಪ್ರೀತಿ. ಮಂಡಿಪೇಟೆ ಗಲ್ಲಿಲಿ ಹತ್ತು ಹೆಜ್ಜೆಗೊಂದ್ಸಲ ನಿಲ್ಸಬೇಕು, ರೈಲ್ವೆ ಗೇಟ್ ಬಿದ್ರೆ ಕಾಯಬೇಕು, ಡೀಸೆಲ್ ಗಾಡಿ ಅಲ್ಲಿ ಸುಮ್ನೆ ಎಣ್ಣೆ ಕುಡೀತಾ ನಿಂತಿರುತ್ತೆ, ಇದು ನಿಂತ್ರೆ ಮೋಟರ್ರೂ ನಿಲ್ಲುತ್ತೆ. ಬ್ರಿಟನ್ನಲ್ಲಿ ಬೆಳಗಿನ ಜಾವ ಮನೆಮನೆಗೆ ಹಾಲಿನ ಬಾಟ್ಲಿ ಇಡೋಕೆ ದಶಕಗಳ ಕಾಲ ಓಡಿದ್ದೂ ಇಂಥವೇ ಲೆಡ್ ಆಸಿಡ್ (ಸೀಸದ ಪ್ಲೇಟು, ಆಸಿಡ್ ಇರೋ) ಬ್ಯಾಟರಿ ಗಾಡಿಗಳು, ನಿಧಾನ ಆದ್ರೂ ಸದ್ದಿಲ್ಲ, ನಿದ್ದೆ ಕೆಡಲ್ಲ.

ಮೊದ್ಲು ನಿಮ್ಮ ಮಾಲು ಏನು ಅಂತ ಲೆಕ್ಕ ಹಾಕ್ರಿ. ಇ-ಕಾರ್ಟ್‌ಗೆ (ಇಂಥ ಸಣ್ಣ ಬ್ಯಾಟರಿ ಮಾಲು ಗಾಡಿಗೆ ಕಾನೂನಲ್ಲಿರೋ ಹೆಸರು) ನಿಯಮ ಬಂದಾಗ ಇಟ್ಟ ಮಾಲಿನ ಮಿತಿ 310 ಕೆಜಿ, ಸ್ಪೀಡು ಗಂಟೆಗೆ 25 ಕಿ.ಮೀ. 20 ಲೀಟರ್ ನೀರಿನ ಕ್ಯಾನ್ ಆದ್ರೆ 15ಕ್ಕೇ 300 ಕೆಜಿ ಆಗೋಯ್ತು. ಅದೇ ಭಟ್ಟಿಯಿಂದ ಮಂಡಕ್ಕಿ ಚೀಲ ತುಂಬ್ಕೊಂಡ್ರೆ ಗಾಡಿ ತುಂಬಿ ಮೇಲೆ ಹಗ್ಗ ಕಟ್ಟಿದ್ರೂ ತೂಕ ಏರಲ್ಲ, ಬ್ಯಾಟರಿ ಗಾಡಿಗೆ ಹೇಳಿ ಮಾಡ್ಸಿದ ಮಾಲು ಅದು. ಚಿತ್ರದುರ್ಗದ ಏರು ರಸ್ತೆಲಿ ಭಾರ ಎಳೆಯೋರು ಮಾತ್ರ ಹಳೇದಕ್ಕೆ ಕೈ ಹಾಕಬೇಡ್ರಿ, ಏರಲ್ಲಿ ಕರೆಂಟ್ ಜಾಸ್ತಿ ಎಳ್ದು ಬ್ಯಾಟರಿ ಬೇಗ ಸಾಯುತ್ತೆ.

ಇನ್ನು ನೋಡೋಕೆ ಹೋದಾಗ ಪೇಂಟು, ಟಾರ್ಪಾಲು ಆಮೇಲೆ, ಮೊದ್ಲು ಸೀಟ್ ಎತ್ತಿಸ್ರಿ. ಸಾಮಾನ್ಯವಾಗಿ 12 ವೋಲ್ಟಿನ ನಾಕು ಬ್ಯಾಟರಿ ಸಾಲಾಗಿ ಜೋಡ್ಸಿರ್ತಾರೆ, ಒಟ್ಟು 48 ವೋಲ್ಟ್. ವೋಲ್ಟ್ ಅಳಿಯೋ ಮಲ್ಟಿಮೀಟರ್ ಒಯ್ದು ಒಂದೊಂದೇ ಅಳೀರಿ, ಒಟ್ಟು ವೋಲ್ಟೇಜ್ ನೋಡಿ ಖುಷಿ ಪಡಬೇಡ್ರಿ. ಫುಲ್ ಚಾರ್ಜ್ ಆಗಿ ಮೂರ್ನಾಕು ತಾಸು ಸುಮ್ನೆ ಬಿಟ್ಟಾಗ ಒಂದೊಂದು 12.7 ಹತ್ರ ತೋರಿಸ್ಬೇಕು, 12.2 ಇದ್ರೆ ಅರ್ಧ ಖಾಲಿ ಅಂತ. ಆಮೇಲೆ ಮಾಲು ಹೇರಿ ಒಂದು ರೌಂಡ್ ಹೊಡ್ಸಿ ಮತ್ತೆ ಅಳೀರಿ, ಮೂರು ಸರಿಯಿದ್ದು ಒಂದು ಮಾತ್ರ ಧಡಕ್ಕನೆ ಇಳಿದ್ರೆ ಅದೇ ರೋಗಿ, ಅದೊಂದು ಉಳಿದ ಮೂರನ್ನೂ ಎಳ್ಕೊಂಡು ಹೋಗುತ್ತೆ. ಮಾರೋರು "ಒಂದು ಬದ್ಲಾಯಿಸಿ ಕೊಡ್ತೀನಿ ಬಿಡಣ್ಣ" ಅಂತಾರೆ, ಒಪ್ಪಬೇಡ್ರಿ, ಹಳೇ ಮೂರರ ಜೊತೆ ಹೊಸದೊಂದು ಹಾಕಿದ್ರೆ ಹೊಸದೂ ಹಾಳು. ನಾಕೂ ಒಟ್ಟಿಗೆ ಹೊಸದು ಹಾಕೋ ಖರ್ಚನ್ನ ಮೊದ್ಲೇ ಗಾಡಿ ರೇಟಲ್ಲಿ ಕಳ್ದು ಮಾತಾಡ್ರಿ.

ತಂದ್ಮೇಲೆ ಪಾಲನೆನೇ ಮುಖ್ಯ. ಎಷ್ಟೇ ಸುಸ್ತಾಗಿದ್ರೂ ಸಂಜೆ ಬಂದ ತಕ್ಷಣ ಚಾರ್ಜಿಗೆ ಹಾಕ್ರಿ, ಖಾಲಿ ಬ್ಯಾಟರಿನ ಹಂಗೇ ದಿನಗಟ್ಲೆ ಬಿಟ್ರೆ ಪ್ಲೇಟ್ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತೆ, ಆಮೇಲೆ ಏನ್ ಮಾಡಿದ್ರೂ ಪೂರ್ತಿ ಬಿಡಲ್ಲ. ನೀರು ಕುಡಿಯೋ ಬ್ಯಾಟರಿ ಆದ್ರೆ ಡಿಸ್ಟಿಲ್ಡ್ ವಾಟರ್ ಒಂದೇ ಹಾಕ್ರಿ, ನಲ್ಲಿ ನೀರು ಬೋರ್ ನೀರು ಬೇಡವೇ ಬೇಡ, ಆಸಿಡ್ಡೂ ಬೇಡ, ಚಾರ್ಜ್ ಆಗೋವಾಗ ಇಂಗೋದು ನೀರು ಮಾತ್ರ. ಚಾರ್ಜ್ ಮುಗಿದ ಮೇಲೆ ತುಂಬ್ಸಿ, ಮುಂಚೆನೇ ತುಂಬ್ಸಿದ್ರೆ ಉಕ್ಕಿ ಹೊರಗೆ ಚೆಲ್ಲುತ್ತೆ, ಪ್ಲೇಟ್ ಹೊರಗೆ ಕಾಣ್ತಿದ್ರೆ ಮಾತ್ರ ಮುಳುಗೋಷ್ಟು ಮೊದ್ಲು ಹಾಕ್ರಿ. ನಮ್ಮ ಬೇಸಿಗೆಲಿ ನೀರು ಬೇಗ ಕಮ್ಮಿಯಾಗುತ್ತೆ, ವಾರಕ್ಕೊಂದ್ಸಲ ಮುಚ್ಚಳ ತೆಗ್ದು ನೋಡ್ರಿ.

ಬ್ಯಾಟರಿಗೆ ವೈರ್ ಕೂರೋ ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕೂತಿದ್ರೆ ಕನೆಕ್ಷನ್ ಬಿಚ್ಚಿ ಅಡಿಗೆ ಸೋಡಾ ನೀರಲ್ಲಿ ಹಳೇ ಬ್ರಷ್‌ನಿಂದ ಉಜ್ಜಿ, ಒಣಗಿಸಿ, ನಟ್ ಬಿಗಿ ಮಾಡಿ ವ್ಯಾಸಲೀನ್ ಸವರ್ರಿ. ಸೋಡಾ ನೀರು ಒಳಗೆ ಹೋಗದಂಗೆ ಮುಚ್ಚಳ ಹಾಕಿರ್ಲಿ, ಕೈಲಿ ಉಂಗುರ ಕಡಗ ಇದ್ರೆ ತೆಗೀರಿ. ಚಾರ್ಜ್ ಆಗೋ ಜಾಗದಲ್ಲಿ ಗಾಳಿ ಆಡ್ಬೇಕು, ಬೀಡಿ ಹಚ್ಚಬಾರ್ದು, ಹೈಡ್ರೋಜನ್ ಬಿಡುತ್ತೆ ಅದು. 100 ಆಂಪ್ ಅವರ್ (ಬ್ಯಾಟರಿ ಎಷ್ಟು ಕರೆಂಟ್ ತುಂಬ್ಕೊಳ್ಳುತ್ತೆ ಅನ್ನೋ ಅಳತೆ) ಸೆಟ್ ಆದ್ರೆ ಪೂರ್ತಿ ಖಾಲಿಯಿಂದ ತುಂಬೋಕೆ ಚಾರ್ಜರ್ ನಷ್ಟ ಸೇರಿ ಹತ್ರಹತ್ರ 6 ಯೂನಿಟ್, ಆದ್ರೆ ಪೂರ್ತಿ ಖಾಲಿ ಮಾಡೋಕೇ ಹೋಗ್ಬೇಡ್ರಿ, ಅರ್ಧಕ್ಕೆ ಬಂದಾಗ ಚಾರ್ಜಿಗೆ ಹಾಕಿದ್ರೆ ಸೆಟ್ ಜಾಸ್ತಿ ದಿನ ಬರುತ್ತೆ. ಅರ್ಥಿಂಗ್ ಇರೋ ಪವರ್ ಸಾಕೆಟ್ಟೇ ಬಳಸ್ರಿ.

ಆರ್‌ಸಿ, ಇನ್ಶೂರೆನ್ಸ್, ಫಿಟ್ನೆಸ್ ನೋಡ್ದೆ ದುಡ್ಡು ಕೊಡಬೇಡ್ರಿ. ಬ್ಯಾಟರಿ ಸತ್ತಾಗ ಗುಜರಿಗೆ ಹಾಕೋಕೂ ಮುಂಚೆ ಅಂಗಡಿಲಿ ಎಕ್ಸ್‌ಚೇಂಜ್ ರೇಟ್ ಕೇಳ್ರಿ, ಒಳಗಿರೋ ಸೀಸಕ್ಕೆ ಬೆಲೆ ಐತೆ, ತೂಕ ಹಾಕಿ ಹೊಸ ಸೆಟ್ ಬಿಲ್ಲಲ್ಲಿ ಕಳೀತಾರೆ.