ಬೆಣ್ಣೆ ಇಡುವ ಫ್ರಿಜ್ಜಿನ ಥರ್ಮೋಸ್ಟಾಟ್: ಪರೀಕ್ಷೆ, ಬದಲಾವಣೆ, ಸೆಟ್ಟಿಂಗ್

ದಾವಣಗೆರೆಯ ದೋಸೆ ಹೋಟೆಲುಗಳಲ್ಲಿ ಏಪ್ರಿಲ್ ಬಿಸಿಲಿಗೆ ಬೆಣ್ಣೆ ಫ್ರಿಜ್ಜು ತಣ್ಣಗಾಗದಿದ್ದರೆ ಮೊದಲ ಅನುಮಾನ ಒಳಗಿನ ತಂಪು ಮಾಡುವ ಗ್ಯಾಸ್ ಮೇಲೆ. ಅದಕ್ಕೂ ಮುಂಚೆ ಕಂಡೆನ್ಸರ್ (ಬಿಸಿ ಹೊರಹಾಕುವ ಕೊಳವೆ ಜಾಲ) ಮೇಲಿನ ಧೂಳು, ಬಾಗಿಲ ರಬ್ಬರು ನೋಡಿ. ಆಮೇಲೆ ಥರ್ಮೋಸ್ಟಾಟ್, ಅಂದರೆ ತಂಪು ನೋಡಿ ಕಂಪ್ರೆಸರನ್ನು ಆನ್-ಆಫ್ ಮಾಡುವ ಸ್ವಿಚ್.

ಕಂಪ್ರೆಸರ್ ಸ್ಟಾರ್ಟೇ ಆಗದಿದ್ದರೆ ಪ್ಲಗ್ ಕಿತ್ತು, ಥರ್ಮೋಸ್ಟಾಟಿನ ವೈರ್ ಬಿಚ್ಚಿ, ಮೀಟರನ್ನು ಕಂಟಿನ್ಯುಟಿಗೆ ಇಟ್ಟು ನೋಡಿ. ಒಳಗೆ ಬೆಚ್ಚಗಿದ್ದು, ನಾಬ್ ಪೂರ್ತಿ ತಿರುಗಿಸಿದರೂ ಬೀಪ್ ಬರದಿದ್ದರೆ ಕೆಟ್ಟಿದೆ ಎಂದೇ ಲೆಕ್ಕ. ಥರ್ಮೋಸ್ಟಾಟಿಗೆ ಸೇರಿದ, ತಂಪು ಗ್ರಹಿಸುವ ಸಣ್ಣ ಕ್ಯಾಪಿಲರಿ ಕೊಳವೆ ಮುರಿದು ಒಳಗಿನ ಅನಿಲ ಸೋರಿದರೆ ಸ್ವಿಚ್ಚಿನ ಕಾಂಟ್ಯಾಕ್ಟ್ ಕೂಡುವುದೇ ಇಲ್ಲ. ಬದಲಿಗೆ ಕಂಪ್ರೆಸರ್ ನಿಲ್ಲದೇ ಓಡಿ ಹಿಮ ಕಟ್ಟುತ್ತಿದ್ದರೆ ಕಾಂಟ್ಯಾಕ್ಟ್ ಅಂಟಿರಬಹುದು, ಇಲ್ಲವೇ ಕೊಳವೆಯ ತುದಿ ಜಾಗ ಬಿಟ್ಟು ಜಾರಿರಬಹುದು. ಜಾರಿದ್ದರೆ ಹೊಸ ಪಾರ್ಟ್ ಯಾಕೆ? ಕ್ಲಿಪ್ ಹಾಕಿದರೆ ಮುಗೀತು.

ಹಳೆ ಥರ್ಮೋಸ್ಟಾಟಿನ ಬದಲು ಡಿಜಿಟಲ್ ಕಂಟ್ರೋಲರ್ ಹಾಕುವುದಾದರೆ ಸೆನ್ಸರನ್ನು ಫ್ಯಾನ್ ಗಾಳಿ ಎಳೆದುಕೊಳ್ಳುವ ಕಡೆ ಕಟ್ಟಿ. ಬಾಗಿಲ ಬಳಿ ಬೇಡ. ಸೆಟ್ 2 ಡಿಗ್ರಿ, ಡಿಫರೆನ್ಷಿಯಲ್ (ಆಫ್-ಆನ್ ನಡುವಿನ ಅಂತರ) 3 ಇಟ್ಟರೆ ಹೆಚ್ಚಿನ ಮಾದರಿಗಳಲ್ಲಿ 2ಕ್ಕೆ ಆಫ್, 5ಕ್ಕೆ ಆನ್. ಡಿಫರೆನ್ಷಿಯಲನ್ನು 1ಕ್ಕೆ ಇಳಿಸುವ ಚಟ ಕೆಲವರಿಗಿದೆ. ಪದೇಪದೇ ಸ್ಟಾರ್ಟ್ ಆಗಿ ಕಂಪ್ರೆಸರ್ ಬೇಗ ಸಾಯುತ್ತದೆ. ಕರೆಂಟು ಹೋಗಿ ಬರುವ ಊರಿನಲ್ಲಿ ಸ್ಟಾರ್ಟ್ ಡಿಲೇ (ಮತ್ತೆ ಸ್ಟಾರ್ಟ್ ಆಗುವ ಮುಂಚೆ ಕಾಯುವ ಸಮಯ) 3 ನಿಮಿಷಕ್ಕಿಂತ ಕಡಿಮೆ ಇಡಲೇಬೇಡಿ. ದೊಡ್ಡ ಕಂಪ್ರೆಸರಾದರೆ ಲೋಡನ್ನು ನೇರ ಕಂಟ್ರೋಲರ್ ಒಳಗಿನ ರಿಲೇಗೆ (ಸಣ್ಣ ಸ್ವಿಚ್ಚಿಗೆ) ಕೊಡಬೇಡಿ, ನಡುವೆ ಕಾಂಟ್ಯಾಕ್ಟರ್ (ಹೆಚ್ಚು ಕರೆಂಟು ತಡೆಯುವ ದೊಡ್ಡ ಸ್ವಿಚ್) ಹಾಕಿ. ಇಲ್ಲದಿದ್ದರೆ ರಿಲೇ ಸುಟ್ಟು ಅಂಟಿಕೊಳ್ಳುತ್ತದೆ.

ಕೊನೆಗೆ ಸೆನ್ಸರ್ ಸರಿಯಾಗಿ ತೋರಿಸುತ್ತದೆಯೇ ನೋಡಲು ಲೋಟದ ತುಂಬ ಪುಡಿ ಐಸ್, ಮೇಲೆ ಸ್ವಲ್ಪ ನೀರು ಹಾಕಿ ಅದನ್ನು ಅದ್ದಿ. 5 ನಿಮಿಷದಲ್ಲಿ 0 ತೋರಿಸಬೇಕು. 1.5 ತೋರಿಸಿದರೆ ಕಂಟ್ರೋಲರಿನ ಕ್ಯಾಲಿಬ್ರೇಷನ್‌ (ತಿದ್ದುಪಡಿ) ಸೆಟ್ಟಿಂಗಿನಲ್ಲಿ ಮೈನಸ್ 1.5 ಕೊಡಿ.