ಕೆಮ್ಮು-ಜ್ವರದ ರಕ್ತ ವರದಿ: ಪ್ಲೇಟ್‌ಲೆಟ್ ಸಾಲನ್ನು ಓದುವುದು ಹೇಗೆ?

ತುಮಕೂರಿನಲ್ಲಿ ಲ್ಯಾಬ್ ಕೌಂಟರ್ ಹಿಂದೆ ಕೂರುವ ನನಗೆ ದಿನಾ ಕೇಳಿಬರುವ ಪ್ರಶ್ನೆ ಒಂದೇ: “ಅಣ್ಣಾ, ಪ್ಲೇಟ್‌ಲೆಟ್ ಎಷ್ಟೈತೆ?” ಡೆಂಗಿ ಕಲಿಸಿದ ಅಭ್ಯಾಸ ಅದು. ಒಂದೂವರೆ ಲಕ್ಷ ದಾಟಿದ್ದರೆ ನಿಟ್ಟುಸಿರು, ಇಲ್ಲದಿದ್ದರೆ ಪಪ್ಪಾಯಿ ಎಲೆಯ ಹುಡುಕಾಟ. ಫ್ಲೂ, ಕೋವಿಡ್‌ನಂಥ ಉಸಿರಾಟದ ಸೋಂಕಿನ ಲೆಕ್ಕ ಬೇರೆ. ಅಲ್ಲಿ ಎಣಿಕೆ ಸರಿಯಿದ್ದೂ, ರಕ್ತ ಹೆಪ್ಪುಗಟ್ಟಿಸುವ ಈ ಪ್ಲೇಟ್‌ಲೆಟ್‌ಗಳು ಕೆರಳಿ, ಅಂಟಿಕೊಳ್ಳಲು ಸಜ್ಜಾಗಿ ಕೂತಿರಬಹುದು.

1. ಮೊದಲು ಗಂಟೆ ನೋಡಿ

ವರದಿಯ ಮೇಲ್ಭಾಗದಲ್ಲಿ ರಕ್ತ ತೆಗೆದ ಹೊತ್ತು, ಪರೀಕ್ಷೆಯ ಹೊತ್ತು ಎರಡೂ ಇರುತ್ತವೆ. ಸಿಬಿಸಿಗೆ, ಅಂದರೆ ರಕ್ತಕಣಗಳ ಎಣಿಕೆಗೆ, ಬಳಸುವ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಇಡಿಟಿಎ ಎಂಬ ರಾಸಾಯನಿಕವಿದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಅದು ಪ್ಲೇಟ್‌ಲೆಟ್‌ಗಳನ್ನು ಮೆಲ್ಲಗೆ ಊದಿಸುತ್ತದೆ ಕೂಡ. ಪಾವಗಡದಲ್ಲಿ ಬೆಳಿಗ್ಗೆ ತೆಗೆದ ರಕ್ತ ಮಧ್ಯಾಹ್ನ ಇಲ್ಲಿ ಮೆಷಿನ್‌ಗೆ ಹೋದರೆ, ಗಾತ್ರದ ಅಂಕಿ ಸುಮ್ಮನೆ ಏರಿರಬಹುದು.

ಇಡಿಟಿಎ ಇನ್ನೊಂದು ಆಟವನ್ನೂ ಆಡುತ್ತದೆ. ಗುಬ್ಬಿ ಕಡೆಯ ಅಜ್ಜರೊಬ್ಬರ ಎಣಿಕೆಯನ್ನು ಮೆಷಿನ್ 62 ಸಾವಿರ ಅಂತ ಹೇಳಿತು. ಮಗ ಆಗಲೇ ಬೆಂಗಳೂರಿಗೆ ಕಾರು ಗೊತ್ತು ಮಾಡಿದ್ದ. ಗಾಜಿನ ಮೇಲೆ ಒಂದು ಹನಿ ಸವರಿ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಂಚಿನಲ್ಲೆಲ್ಲ ನೇರಳೆ ಕಾಳುಗಳು ರಾಗಿ ಗಂಟು ಕಟ್ಟಿದ ಹಾಗೆ ಅಂಟಿಕೊಂಡಿವೆ! ಮೆಷಿನ್‌ಗೆ ಆ ಗಂಟು ಪ್ಲೇಟ್‌ಲೆಟ್ ಅಂತ ಗೊತ್ತಾಗುವುದಿಲ್ಲ. ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ತೆಗೆದು, ಅದರಲ್ಲಿರುವ ದ್ರವದ ಪಾಲಿಗಾಗಿ 1.1ರಿಂದ ಗುಣಿಸಿದಾಗ 1.9 ಲಕ್ಷ ಬಂತು. ಅನಿರೀಕ್ಷಿತವಾಗಿ ಎಣಿಕೆ ಕುಸಿದಿದ್ದರೆ “ಸ್ಮಿಯರ್ (ಹೀಗೆ ಗಾಜಿನ ಮೇಲೆ ಸವರಿದ ರಕ್ತ) ನೋಡಿದಿರಾ?” ಅಂತ ಧಾರಾಳವಾಗಿ ಕೇಳಿ.

2. ಎಣಿಕೆಯ ಕೆಳಗಿನ ಸಾಲು

ಎಣಿಕೆ 1.5ರಿಂದ 4.5 ಲಕ್ಷದ ನಡುವೆ ಇದ್ದರೆ ಸಾಮಾನ್ಯ. ಅದರ ಹತ್ತಿರದಲ್ಲೇ ಎಂಪಿವಿ ಅಂತ ಇರುತ್ತದೆ, ಅಂದರೆ ಪ್ಲೇಟ್‌ಲೆಟ್‌ಗಳ ಸರಾಸರಿ ಗಾತ್ರ. ಪ್ಲೇಟ್‌ಲೆಟ್‌ನ ಆಯಸ್ಸು 7ರಿಂದ 10 ದಿನ. ಹಳೆಯವು ಬೇಗ ಖರ್ಚಾದಾಗ ಅಸ್ಥಿಮಜ್ಜೆ ಹೊಸದನ್ನು ಬಿಡುತ್ತದೆ. ಹೊಸವು ದಪ್ಪ, ಚುರುಕು. ಹಾಗಾಗಿ ಎಂಪಿವಿ ಏರಿದರೆ ಒಳಗೆ ಗಡಿಬಿಡಿ ನಡೆದಿದೆ ಎಂಬ ಸುಳಿವು, ಅಷ್ಟೇ. ಒಂದೊಂದು ಮೆಷಿನ್‌ನ ಮಿತಿ ಒಂದೊಂದು. ಅದೇ ಲ್ಯಾಬಿನ ಹಳೇ ವರದಿ ಜತೆ ಮಾತ್ರ ಹೋಲಿಸಿ.

ಪ್ಲೇಟ್‌ಲೆಟ್ ಕೆರಳಿದೆ ಎಂಬುದಕ್ಕೆ ನಿಜವಾದ ಗುರುತು ಪಿ-ಸೆಲೆಕ್ಟಿನ್ ಎಂಬ ಪ್ರೋಟೀನು. ಶಾಂತವಾಗಿದ್ದಾಗ ಇದು ಪ್ಲೇಟ್‌ಲೆಟ್‌ನೊಳಗಿನ ಕಣಗಳಲ್ಲಿ ಅಡಗಿರುತ್ತದೆ. ಕೆರಳಿದ ಕೆಲವೇ ನಿಮಿಷಗಳಲ್ಲಿ ಮೈಮೇಲೆ ಬಂದು ಬಿಳಿ ರಕ್ತಕಣಗಳನ್ನು ಹಿಡಿದುಕೊಳ್ಳುತ್ತದೆ. ಶ್ವಾಸಕೋಶದ ಸಣ್ಣ ರಕ್ತನಾಳಗಳು ಕಟ್ಟಿಕೊಳ್ಳುವುದರಲ್ಲಿ ಈ ಅಂಟುವಿಕೆಗೂ ಪಾಲಿದೆ. ಕೋವಿಡ್ ತೀವ್ರವಾದವರ ರಕ್ತದಲ್ಲಿ ಇದು ಹೆಚ್ಚಿದ್ದನ್ನು ಹಲವು ಅಧ್ಯಯನಗಳು ಕಂಡಿವೆ. ಆದರೆ ಅಳೆಯುವುದು ಸಂಶೋಧನಾ ಪ್ರಯೋಗಾಲಯಗಳ ಕೆಲಸ. ನಮ್ಮಂಥ ಲ್ಯಾಬ್‌ಗಳ ದರಪಟ್ಟಿಯಲ್ಲಿ ಹುಡುಕಬೇಡಿ.

3. ಡಿ-ಡೈಮರ್: ಅಂಕಿಗಿಂತ ಮೊದಲು ಯೂನಿಟ್

ಹೆಪ್ಪು ಕಟ್ಟಿ ಕರಗುವಾಗ ಉಳಿಯುವ ಚೂರು ಇದು. ಒಂದು ಕಡೆ 0.6 ಬಂತು, ಇನ್ನೊಂದು ಕಡೆ 600 ಆಯ್ತು ಅಂತ ಗಾಬರಿಯಾದವರನ್ನು ನೋಡಿದ್ದೇನೆ. ಮೊದಲನೆಯದು ಮಿಲಿಲೀಟರಿಗೆ ಮೈಕ್ರೋಗ್ರಾಂ, ಎರಡನೆಯದು ನ್ಯಾನೋಗ್ರಾಂ. ಎರಡೂ ಒಂದೇ! ಪಕ್ಕದಲ್ಲಿ ಎಫ್‌ಇಯು ಇದೆಯೋ ಡಿಡಿಯು ಇದೆಯೋ ನೋಡಿ; ಒಂದೇ ಚೂರನ್ನು ಲೆಕ್ಕ ಹಾಕುವ ಎರಡು ಬಗೆ ಅವು. ಎಫ್‌ಇಯು ಅಂಕಿ ಸುಮಾರು ಎರಡರಷ್ಟಿರುತ್ತದೆ. ಸಾಮಾನ್ಯ ಮಿತಿ ಮಿಲಿಲೀಟರಿಗೆ 500 ನ್ಯಾನೋಗ್ರಾಂ ಎಫ್‌ಇಯು. ವಯಸ್ಸಾದವರಲ್ಲಿ, ಬಸುರಿಯರಲ್ಲಿ, ಆಪರೇಷನ್ ಆದವರಲ್ಲಿ ಬೇರೆ ಕಾಯಿಲೆಯಿಲ್ಲದೆಯೂ ಏರುತ್ತದೆ. ಡಾಕ್ಟರ್ ಬರೆಯದೆ ಮಾಡಿಸಬೇಡಿ, ದುಡ್ಡು ದಂಡ.

ಉರಿಯೂತ ತೋರಿಸುವ ಸಿಆರ್‌ಪಿ ಪರೀಕ್ಷೆಯಲ್ಲೂ ಯೂನಿಟ್‌ನದು ಇದೇ ಕಥೆ: ಲೀಟರಿಗೋ, ಡೆಸಿಲೀಟರಿಗೋ ನೋಡಿಕೊಳ್ಳಿ.

4. ಪೇಪರ್ ಕೆಳಗಿಟ್ಟು ಎದೆ ನೋಡಿ

ರೋಗಿ ಸುಮ್ಮನೆ ಕೂತಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. ದೊಡ್ಡವರಲ್ಲಿ 24 ಮುಟ್ಟಿದರೆ ಅಥವಾ ಬೆರಳಿನ ಆಕ್ಸಿಮೀಟರ್ 94ಕ್ಕಿಂತ ಕೆಳಗೆ ತೋರಿಸಿದರೆ, ವರದಿ ಚೆನ್ನಾಗಿದ್ದರೂ ಆಸ್ಪತ್ರೆಗೆ ಹೊರಡಿ.

ಪ್ಲೇಟ್‌ಲೆಟ್ ಕೆರಳಿದೆ ಅಂತ ಆಸ್ಪಿರಿನ್ ನುಂಗುವವರಿದ್ದಾರೆ. ಬ್ರಿಟನ್ನಿನ ರಿಕವರಿ ಪ್ರಯೋಗದಲ್ಲಿ ಆಸ್ಪತ್ರೆ ಸೇರಿದ್ದ ಸುಮಾರು 15 ಸಾವಿರ ಕೋವಿಡ್ ರೋಗಿಗಳ ಮೇಲೆ ಅದನ್ನು ಪರೀಕ್ಷಿಸಿದರು. 28 ದಿನಗಳ ಸಾವಿನ ಪ್ರಮಾಣ ಮಾತ್ರೆ ಕೊಟ್ಟ, ಕೊಡದ ಎರಡೂ ಗುಂಪಿನಲ್ಲಿ ಶೇ 17. ಜ್ವರ ಡೆಂಗಿಯಾಗಿದ್ದರೆ ಅದೇ ಮಾತ್ರೆಯಿಂದ ರಕ್ತಸ್ರಾವದ ಅಪಾಯ, ಫ್ಲೂ ಬಂದ ಮಕ್ಕಳಿಗೆ ಕೊಟ್ಟರೆ ಮೆದುಳಿಗೂ ಯಕೃತ್ತಿಗೂ ಕುತ್ತು ತರುವ ರೈ ಸಿಂಡ್ರೋಮ್‌ನ ಭಯ. ಹೃದಯಕ್ಕಾಗಿ ಮೊದಲಿಂದ ತೆಗೆದುಕೊಳ್ಳುತ್ತಿರುವವರು ಡಾಕ್ಟರನ್ನು ಕೇಳದೆ ನಿಲ್ಲಿಸುವುದೂ ಬೇಡ.