ಮೂಲೆ ಆರಿಸುವುದು ಮೊಲದ ಹಕ್ಕು

ನಮ್ಮ ಮನೆಗೆ ಮೊಲ ಬಂದಾಗ ಅದಕ್ಕೆ ಮೂರು ವರ್ಷ. ಊರು ಬಿಟ್ಟು ಹೊರಟಿದ್ದ ನೆಂಟರು ಕೊಟ್ಟು ಹೋದದ್ದು. ಮೊದಲ ವಾರ ಸೋಫಾದ ಹಿಂದೆ, ಮಂಚದ ಕೆಳಗೆ, ಒಮ್ಮೆ ನನ್ನ ಚಪ್ಪಲಿಯೊಳಗೂ ಹಿಕ್ಕೆ ಸಿಕ್ಕಿತು. ‘ಇಷ್ಟು ಬೆಳೆದ ಮೇಲೆ ಇನ್ನೇನು ಕಲಿತೀತು’ ಎಂದವರೇ ಹೆಚ್ಚು. ನಿಜ ಬೇರೆಯೇ ಇದೆ. ಶೌಚದ ವಿಷಯದಲ್ಲಿ ಚಂಚಲ ಮರಿಗಿಂತ ಬೆಳೆದ ಮೊಲವೇ ಬೇಗ ದಾರಿಗೆ ಬರುತ್ತದೆ.

ಸಾಕುಮೊಲದ ಮೂಲ ಯುರೋಪಿನ ಕಾಡುಮೊಲ. ಬಿಲ ತೋಡಿ ಗುಂಪಿನಲ್ಲಿ ಬದುಕುವ ಆ ಪ್ರಾಣಿ ಗೊತ್ತಾದ ಕೆಲವು ಜಾಗಗಳಲ್ಲೇ ಹಿಕ್ಕೆಯ ಗುಡ್ಡೆ ಹಾಕುತ್ತದೆ. ಆ ಹುಟ್ಟುಗುಣವೇ ನಮಗೆ ಆಸರೆ. (ನಮ್ಮ ಹೊಲಗಳಲ್ಲಿ ಓಡುವ ಮೊಲ ಬೇರೆ ಜಾತಿ. ಅದು ಬಿಲ ತೋಡುವುದಿಲ್ಲ, ಅದನ್ನು ಹಿಡಿದು ಸಾಕಲು ಕಾನೂನು ಬಿಡುವುದಿಲ್ಲ.)

ಮೊಲಕ್ಕೆ ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿರದಿದ್ದರೆ ಮೊದಲು ಅದನ್ನು ಯೋಚಿಸಿ. ಇಲ್ಲವಾದರೆ ‘ಇದು ನನ್ನ ಸೀಮೆ’ ಎಂದು ಸಾರಲು ಅದು ಕಂಡಲ್ಲೆಲ್ಲ ಮೂತ್ರ ಚಿಮ್ಮಿಸುವುದು ನಿಲ್ಲುವುದು ಕಷ್ಟ. ಹೆಣ್ಣಿಗೆ ಗರ್ಭಕೋಶದ ಕ್ಯಾನ್ಸರಿನ ಭಯವೂ ತಪ್ಪುತ್ತದೆ. ಚಿಕಿತ್ಸೆಯ ನಂತರ ಹಾರ್ಮೋನು ತಗ್ಗಲು ನಾಲ್ಕಾರು ವಾರ ಬೇಕು. ಮೊಲಗಳನ್ನು ನೋಡಿ ಅನುಭವವಿರುವ ಪಶುವೈದ್ಯರೇ ಆಗಬೇಕು. ಶಸ್ತ್ರಚಿಕಿತ್ಸೆಯ ಮುನ್ನ ನಾಯಿಗೆ ಹೇಳುವಂತೆ ‘ರಾತ್ರಿಯಿಡೀ ಉಪವಾಸ ಇಡಿ’ ಎಂದರೆ ಬೇರೆಯವರನ್ನು ಹುಡುಕಿ. ಮೊಲ ವಾಂತಿ ಮಾಡಲಾರದು, ಖಾಲಿ ಹೊಟ್ಟೆಯೇ ಅದಕ್ಕೆ ಅಪಾಯ.

ಈಗ ಕೆಲಸಕ್ಕೆ ಇಳಿಯೋಣ. ಇಡೀ ಮನೆಯನ್ನು ಬಿಟ್ಟುಕೊಡದೆ, ಒಂದು ಚಿಕ್ಕ ಕೋಣೆಯನ್ನೋ ಬೇಲಿ ಕಟ್ಟಿದ ಜಾಗವನ್ನೋ ಅದಕ್ಕೆ ಕೊಡಿ. ಎರಡು ಮೂರು ದಿನ ಸುಮ್ಮನೆ ನೋಡಿ. ಮೂತ್ರ ಮಾಡಲು ಅದು ಒಂದು ಮೂಲೆಯನ್ನು ಆರಿಸಿಕೊಳ್ಳುತ್ತದೆ. ಶೌಚಕ್ಕೆಂದು ಇಡುವ ಟಬ್ ಹೋಗಬೇಕಾದದ್ದು ಅಲ್ಲಿಗೆ. ನಾನು ಎಡವಿದ್ದು ಇಲ್ಲೇ. ಬಾಲ್ಕನಿಯ ಬಾಗಿಲ ಬಳಿ ಇಟ್ಟರೆ ನನಗೆ ತೊಳೆಯಲು ಸುಲಭ ಎಂದು ಹದಿನೈದು ದಿನ ಹಟ ಹಿಡಿದೆ. ಹಿಡಿದ ಮೊಲಕ್ಕೆ ಮೂರೇ ಕಾಲು ಎಂದು ವಾದಿಸುತ್ತಿದ್ದವಳು ನಾನೇ, ಮೊಲವಲ್ಲ. ಕೊನೆಗೆ ಟಬ್ಬನ್ನು ಪುಸ್ತಕದ ಕಪಾಟಿನ ಪಕ್ಕಕ್ಕೆ ಸರಿಸಿದೆ, ನಾಲ್ಕೇ ದಿನದಲ್ಲಿ ಜಗಳ ಮುಗಿಯಿತು.

ಅಂಗಡಿಯಲ್ಲಿ ಸಿಗುವ ತ್ರಿಕೋನದ ತಟ್ಟೆಗಳು ಬೆಳೆದ ಮೊಲಕ್ಕೆ ಸಾಲುವುದಿಲ್ಲ. ಅದು ಮೈ ಚಾಚಿ ಕೂತು ತಿರುಗುವಷ್ಟು ಅಗಲದ ಪ್ಲಾಸ್ಟಿಕ್ ಟಬ್ ತೆಗೆದುಕೊಂಡು, ಹತ್ತಲು ಒಂದು ಕಡೆ ಅಂಚನ್ನು ತಗ್ಗಿಸಿ ಕತ್ತರಿಸಿ, ಚೂಪನ್ನು ಉಜ್ಜಿ ನಯಗೊಳಿಸಿ. ತಳಕ್ಕೆ ಹರಿದ ಹಳೆಯ ಪತ್ರಿಕೆ ಅಥವಾ ಕಾಗದದ ಗುಳಿಗೆಗಳನ್ನು ಹಾಕಿ, ಮೇಲೆ ಒಣಹುಲ್ಲು ಹರಡಿ. ಬೆಕ್ಕಿನ ಶೌಚದ ತಟ್ಟೆಗೆ ಹಾಕುವ, ನೀರು ತಾಗಿದರೆ ಗಟ್ಟಿಯಾಗುವ ಹರಳು (ಲಿಟರ್) ಮಾತ್ರ ಬೇಡ. ಮೊಲ ಎಲ್ಲವನ್ನೂ ಕಡಿದು ನೋಡುತ್ತದೆ, ಅದು ಹೊಟ್ಟೆಯಲ್ಲೂ ಗಟ್ಟಿಯಾದೀತು. ಘಮ್ಮೆನ್ನುವ ಪೈನ್, ದೇವದಾರು ಮರದ ಹೊಟ್ಟೂ ಬೇಡ.

ಗುಟ್ಟಿರುವುದು ಹುಲ್ಲಿನಲ್ಲಿ. ಮೊಲ ಮೇಯುತ್ತಲೇ ಹಿಕ್ಕೆ ಹಾಕುವ ಪ್ರಾಣಿ. ಟಬ್ಬಿನ ಒಂದು ತುದಿಯಲ್ಲಿ, ಕೂತಲ್ಲಿಂದಲೇ ಬಾಯಿಗೆ ಎಟುಕುವಂತೆ ಹುಲ್ಲಿನ ಬುಟ್ಟಿ ಕಟ್ಟಿ. ದುಬಾರಿ ಟಿಮೋತಿ ಹುಲ್ಲೇ ಆಗಬೇಕೆಂದಿಲ್ಲ, ಔಷಧ ಸಿಂಪಡಿಸದ ಕಡೆ ಕೊಯ್ದು ಚೆನ್ನಾಗಿ ಒಣಗಿಸಿದ ಗರಿಕೆಯೂ ನಡೆಯುತ್ತದೆ. ಬೂಷ್ಟು ಹಿಡಿದದ್ದನ್ನು ಕೊಡಬೇಡಿ.

ಮೂತ್ರ ಒರೆಸಿದ ಕಾಗದವನ್ನೂ ಹೊರಗೆ ಬಿದ್ದ ಹಿಕ್ಕೆಯನ್ನೂ ಟಬ್ಬಿಗೇ ಹಾಕಿ, ವಾಸನೆಯೇ ಅದಕ್ಕೆ ನಾಮಫಲಕ. ನೆಲವನ್ನು ಬಿಳಿ ವಿನೆಗರಿಗೆ ಅಷ್ಟೇ ನೀರು ಬೆರೆಸಿ ಒರೆಸಿ. ಮೊಲದ ಮೂತ್ರದಲ್ಲಿ ಸುಣ್ಣದ ಅಂಶ ಹೆಚ್ಚು, ಒಣಗಿದಾಗ ಉಳಿಯುವ ಬಿಳಿ ಕಲೆ ಇದರಿಂದ ಬಿಡುತ್ತದೆ. ಮೂತ್ರದ ಮೇಲೆ ಬ್ಲೀಚ್ ಸುರಿದರೆ ವಿಷಗಾಳಿ ಏಳುತ್ತದೆ.

ತಪ್ಪಿದಾಗ ಹೊಡೆಯಬೇಡಿ, ಮೂತಿ ತಿಕ್ಕಬೇಡಿ. ಹೆದರಿದ ಮೊಲ ಒದ್ದಾಡಿ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಂಡೀತು. ಟಬ್ಬಿನೊಳಗೆ ಕೆಲಸ ಮುಗಿಸಿದ ತಕ್ಷಣ ಒಂದೆರಡು ಎಲೆ ಕೊತ್ತಂಬರಿ ಕೊಡಿ, ಅಷ್ಟು ಸಾಕು. ಒಂದು ವಾರ ಮೂತ್ರ ಹೊರಗೆ ಬೀಳದಿದ್ದರೆ ಇನ್ನೊಂದು ಕೋಣೆ ತೆರೆಯಿರಿ. ಮತ್ತೆ ತಪ್ಪಿದರೆ ಹಳೆಯ ಜಾಗಕ್ಕೆ ವಾಪಸು. ಅಲ್ಲೊಂದು ಇಲ್ಲೊಂದು ಒಣ ಹಿಕ್ಕೆ ಕೊನೆಯವರೆಗೂ ಬೀಳುತ್ತದೆ, ಪೊರಕೆಯಿಂದ ಗುಡಿಸಿದರಾಯಿತು.

ಕಲಿತ ಮೊಲ ಇದ್ದಕ್ಕಿದ್ದಂತೆ ಮರೆತರೆ ಅದನ್ನು ಹಟಮಾರಿತನ ಎನ್ನಬೇಡಿ. ಮೂತ್ರದ ಸೋಂಕೋ ಕಲ್ಲೋ ಇರಬಹುದು, ವಯಸ್ಸಾಗಿದ್ದರೆ ಕೀಲುನೋವಿಗೆ ಟಬ್ಬಿನ ಅಂಚೇ ಎತ್ತರವಾಗಿರಬಹುದು. ಹಿಕ್ಕೆಯೇ ನಿಂತು, ಮೇವನ್ನೂ ಮುಟ್ಟದಿದ್ದರೆ ನಾಳೆಗೆ ಕಾಯದೆ ಅಂದೇ ವೈದ್ಯರಲ್ಲಿಗೆ ಒಯ್ಯಿರಿ.

ಟಬ್ಬನ್ನು ದಿನ ಬಿಟ್ಟು ದಿನ ಬದಲಿಸುತ್ತೇನೆ. ಮೊಲದ ಹಿಕ್ಕೆಯನ್ನು ಕೊಳೆಸದೆಯೇ ಗಿಡಕ್ಕೆ ಹಾಕಬಹುದು. ಮಹಡಿಯ ಮೇಲಿನ ಗುಲಾಬಿ ಕುಂಡಗಳಿಗೆ ಈಗ ಬೇರೆ ಗೊಬ್ಬರ ತರುತ್ತಿಲ್ಲ. ಪಕ್ಕದ ಮನೆಯವರೂ ವಾರಕ್ಕೊಮ್ಮೆ ಬಕೆಟ್ ಕಳಿಸುತ್ತಾರೆ.